ಬೆನ್ನಪ್ಪನ ಕುರ್ಚಿ ಮತ್ತು ಜಿರಳೆಯ ಭಂಗಿ

ಬೆನ್ನುನೋವು ಒಂದು ವ್ಯಾಧಿಯೆಂದು ವೈದ್ಯಶಾಸ್ತ್ರ ಹೇಳುತ್ತದೆ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಮಾತ್ರ ಅದೊಂದು ಹುದ್ದೆಯಾಗಿತ್ತು. ಆ ಹುದ್ದೆಯನ್ನು ಬಹುಕಾಲದಿಂದ ಏಕನಿಷ್ಠೆಯಿಂದ ನಿರ್ವಹಿಸುತ್ತಿದ್ದ ಹಿರಿಯ ಗುಮಾಸ್ತನನ್ನು ಸಹೋದ್ಯೋಗಿಗಳು ಬೆನ್ನಪ್ಪ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಅವನಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ.

ಅವನ ನೋವು ಸುಳ್ಳಾಗಿರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ. ಸೊಂಟದ ಎಡಭಾಗದಲ್ಲಿ ಅದು ನಿಜವಾಗಿಯೂ ಇತ್ತು. ಆದರೆ ಸಾಸಿವೆಕಾಳಿನಷ್ಟು ನೋವಿಗೆ ಕುಂಬಳಕಾಯಿಯಷ್ಟು ನರಳುವುದನ್ನು ಯಾವ ನೀತಿಯೂ ಒಪ್ಪುವುದಿಲ್ಲ. ಮೇಲಿನ ಕಪಾಟಿನಿಂದ ಕಡತ ಇಳಿಸಬೇಕಾದಾಗ, ಕೆಳಗಿನ ಕಪಾಟಿನಿಂದ ಕಡತ ಎತ್ತಬೇಕಾದಾಗ, ಒಡೆದ ಕೊಳವೆಯನ್ನು ಸ್ಥಳಕ್ಕೆ ಹೋಗಿ ನೋಡಿಬರಬೇಕಾದಾಗ ಬೆನ್ನಪ್ಪನ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. "ಅಯ್ಯಯ್ಯೋ" ಎಂಬ ಉದ್ಗಾರ ತಾನಾಗಿ ಹೊರಡುತ್ತಿತ್ತು. ಊಟದ ಹೊತ್ತಾದಾಗ ಮಾತ್ರ ಅದೇ ಬೆನ್ನು ಕವಾಯತಿನ ಸಿಪಾಯಿಯ ಬೆನ್ನಿನಂತೆ ನೆಟ್ಟಗಾಗುತ್ತಿತ್ತು.

ಈ ಸುದೀರ್ಘ ನರಳಾಟಕ್ಕೆ ಸಂದ ಗೌರವವೇ ಆ ಕುರ್ಚಿ. ನಿವೃತ್ತರಾದ ಮೇಲ್ವಿಚಾರಕರು ಬಿಟ್ಟುಹೋದ ಕುರ್ಚಿ ಅದು. ಎತ್ತರದ ಒರಗು, ಮೆತ್ತನೆಯ ಆಸನ, ಕಾಲಿಗೆ ಚಕ್ರ. ಉಳಿದವರೆಲ್ಲ ಮೊಳೆ ಎದ್ದ ಮರದ ಕುರ್ಚಿಗಳ ಮೇಲೆ ಪಂಚೆ, ಪ್ಯಾಂಟು, ಸೀರೆಗಳನ್ನು ಹರಿದುಕೊಳ್ಳುತ್ತಿದ್ದಾಗ ಬೆನ್ನಪ್ಪನೊಬ್ಬನೇ ಸಿಂಹಾಸನಾರೂಢನಾಗಿದ್ದ. ಅದರಲ್ಲಿ ಕುಳಿತು ಅರ್ಧ ಸುತ್ತು ತಿರುಗಿದರೆ ಕಿಟಕಿಯಾಚೆ ದೂರು ಹಿಡಿದು ನಿಂತ ಸಾರ್ವಜನಿಕರು ಕಾಣುತ್ತಿರಲಿಲ್ಲ. ಇನ್ನರ್ಧ ಸುತ್ತು ತಿರುಗಿದರೆ ಮೇಜಿನ ಮೇಲಿನ ಕೆಲಸ ಕಾಣುತ್ತಿರಲಿಲ್ಲ. ಇಷ್ಟು ಅನುಕೂಲಗಳು ಒಂದೇ ಪೀಠೋಪಕರಣದಲ್ಲಿ ಕೂಡಿಬರುವುದು ಅಪರೂಪ.

ಸಹಜವಾಗಿಯೇ ಆ ಕುರ್ಚಿಯ ಮೇಲೆ ಬೆರಳಚ್ಚುಗಾರನ ಕಣ್ಣಿತ್ತು. ಅವನಿಗೆ ಕುತ್ತಿಗೆನೋವು. ಕುತ್ತಿಗೆಗಿಂತ ಬೆನ್ನು ಉದ್ದವೆಂಬ ಕಾರಣಕ್ಕೆ ಹಿಂದಿನ ಅಧಿಕಾರಿಗಳು ಬೆನ್ನಪ್ಪನ ಪರವಾಗಿ ತೀರ್ಪು ಕೊಟ್ಟಿದ್ದರು. ಆ ಅನ್ಯಾಯವನ್ನು ಬೆರಳಚ್ಚುಗಾರ ಮರೆತಿರಲಿಲ್ಲ. ಕತ್ತನ್ನು ಒಂದು ಕಡೆಗೆ ವಾಲಿಸಿಕೊಂಡು ಅವನು ದಿನವಿಡೀ ಕುರ್ಚಿಯನ್ನೇ ನೋಡುತ್ತಿದ್ದ.

ಕಚೇರಿಯಲ್ಲಿ ಹೀಗೆ ಮಾನ್ಯವಾಗಿದ್ದ ನರಳಾಟಕ್ಕೆ ಮನೆಯಲ್ಲಿ ಮಾತ್ರ ಕವಡೆಕಾಸಿನ ಬೆಲೆ ಇರಲಿಲ್ಲ. ಕೇಳಿ ಕೇಳಿ ರೋಸಿಹೋದ ಹೆಂಡತಿ ಒಂದು ಭಾನುವಾರ ಅವನನ್ನು ಎಬ್ಬಿಸಿ, ಚಪ್ಪಲಿ ಹಾಕಿಸಿ, ಪಕ್ಕದ ಬೀದಿಯ ಆಯುರ್ವೇದ ವೈದ್ಯರ ಬಳಿಗೆ ಕರೆದೊಯ್ದಳು.

ಆ ಚಿಕಿತ್ಸಾಲಯದಲ್ಲಿ ಅಕ್ಕಪಕ್ಕ ಎರಡು ಕೋಣೆಗಳು. ಒಂದರಲ್ಲಿ ವೈದ್ಯರು ಎಣ್ಣೆಯ ಚಿಕಿತ್ಸೆ ಮಾಡುತ್ತಿದ್ದರು. ಇನ್ನೊಂದರಲ್ಲಿ ಅವರ ಮಗಳು ವ್ಯಾಯಾಮ ಕಲಿಸುತ್ತಿದ್ದಳು. ವೈದ್ಯರು ಬೆನ್ನಪ್ಪನನ್ನು ಬೋರಲು ಮಲಗಿಸಿದರು.

"ಇಲ್ಲಿ ನೋಯುತ್ತಾ?"

"ಅಯ್ಯಯ್ಯೋ! ಸತ್ತೆ!"

"ನಾನಿನ್ನೂ ಮುಟ್ಟೇ ಇಲ್ಲ ಸ್ವಾಮಿ."

ಮುಟ್ಟಿ, ಒತ್ತಿ, ಕಾಲುಗಳನ್ನು ಎತ್ತಿ ಇಳಿಸಿ ನೋಡಿದ ಮೇಲೆ ವೈದ್ಯರು ಕೈ ಒರೆಸಿಕೊಂಡರು. "ಗಾಬರಿ ಪಡೋ ಅಂಥದ್ದೇನಿಲ್ಲ. ಬಿಗಿದುಕೊಂಡಿರೋ ಸ್ನಾಯುವನ್ನ ಎಣ್ಣೆ ಸಡಿಲ ಮಾಡುತ್ತೆ. ಆದರೆ ಬೆನ್ನನ್ನ ಹಿಡಿದು ನಿಲ್ಲಿಸೋದು ಎಣ್ಣೆ ಅಲ್ಲ, ಹೊಟ್ಟೆ ಸೊಂಟದ ಸ್ನಾಯು. ನಿಮ್ಮ ಹೊಟ್ಟೆ ಬಹಳ ವರ್ಷದಿಂದ ರಜೆ ಮೇಲಿದೆ. ಎಣ್ಣೆ ಹಾಕೋದು ನನ್ನ ಕೆಲಸ, ಆ ರಜೆ ರದ್ದು ಮಾಡೋದು ನನ್ನ ಮಗಳ ಕೆಲಸ. ಎರಡೂ ಸೇರಿದ್ರೆ ಗುಣ. ಒಂದೇ ಆದ್ರೆ ಬರೀ ಜಿಡ್ಡು."

ಉದ್ದಿನ ಹಿಟ್ಟಿನಿಂದ ಬೆನ್ನಪ್ಪನ ಸೊಂಟದ ಮೇಲೆ ಒಂದು ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚನೆಯ ಎಣ್ಣೆ ತುಂಬಿದರು. ಬೆನ್ನಪ್ಪ ಗೊರಕೆ ಹೊಡೆದ. ಎದ್ದ ಮೇಲೆ ವೈದ್ಯರು ಎಚ್ಚರಿಕೆ ಹೇಳಿದರು: "ಈಗ ವಿಶ್ರಾಂತಿ, ಆಮೇಲೆ ಬಿಸಿನೀರ ಸ್ನಾನ. ಎಣ್ಣೆ ಮೈಯಲ್ಲಿ ಮಾತ್ರ ವ್ಯಾಯಾಮಕ್ಕೆ ಇಳೀಬೇಡಿ. ಅದು ಮಾರನೇ ಬೆಳಿಗ್ಗೆ."

ಮಾರನೇ ಬೆಳಿಗ್ಗೆ ಮಗಳು ಕಲಿಸಿದಳು. ಅಂಗಾತ ಮಲಗಿ, ಕೈಕಾಲುಗಳನ್ನು ಮೇಲಕ್ಕೆತ್ತಿ, ಹೊಟ್ಟೆ ಬಿಗಿಹಿಡಿದು, ಒಂದು ಕಡೆಯ ಕೈಯನ್ನೂ ಇನ್ನೊಂದು ಕಡೆಯ ಕಾಲನ್ನೂ ನಿಧಾನವಾಗಿ ಇಳಿಸಬೇಕು.

"ಇದಕ್ಕೆ ಅಂಗಾತ ಬಿದ್ದ ಜಿರಳೆ ಅಂತೀವಿ ಸಾರ್. ಆಮೇಲೆ ಬೋರಲಾಗಿ, ಮುಂಗೈ ಊರಿ, ಮೈಯನ್ನ ಹಲಗೆ ಥರ ನೇರ ಹಿಡೀಬೇಕು. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಸುಮ್ಮನೆ ಮಲಗಬಹುದು."

ಸಂಯೋಜನೆ ಎಂಬುದು ದೊಡ್ಡ ಮಾತು. ಎರಡು ಒಳ್ಳೆಯ ವಿದ್ಯೆಗಳನ್ನು ಕೂಡಿಸುವಾಗ ಎರಡರ ಸಾರವನ್ನೂ ತೆಗೆದುಕೊಳ್ಳಬೇಕೆಂಬುದು ಬಲ್ಲವರ ಮತ. ಬೆನ್ನಪ್ಪನೂ ಸಾರವನ್ನೇ ತೆಗೆದುಕೊಂಡ. ಎಣ್ಣೆಯ ಚಿಕಿತ್ಸೆಯಿಂದ ವಿಶ್ರಾಂತಿಯನ್ನು ಆರಿಸಿಕೊಂಡ. ವ್ಯಾಯಾಮದಿಂದ, ಕೊನೆಯಲ್ಲಿ ಕಣ್ಣು ಮುಚ್ಚಿ ಸುಮ್ಮನೆ ಮಲಗುವ ಭಾಗವನ್ನು ಆರಿಸಿಕೊಂಡ. ಎರಡನ್ನೂ ಬೆಸೆದು ಬೆಳಗಿನ ಹೊತ್ತು ಚಾಪೆಯ ಮೇಲೆ ಶ್ರದ್ಧೆಯಿಂದ ಅಭ್ಯಾಸ ಮಾಡತೊಡಗಿದ.

"ರೀ, ಜಿರಳೆ ಆಯ್ತಾ?" ಅಡುಗೆಮನೆಯಿಂದ ಹೆಂಡತಿ ಕೇಳುತ್ತಿದ್ದಳು.

"ಆಗ್ತಾ ಇದೆ ಕಣೇ."

"ಕಾಲು ಎತ್ತಿದ್ದೇ ಕಾಣಲಿಲ್ಲ?"

"ಮನಸ್ಸಲ್ಲಿ ಎತ್ತಿದೆ."

"ಹಾಗಾದ್ರೆ ನೋವೂ ಮನಸ್ಸಲ್ಲೇ ಇಟ್ಕೊಳ್ಳಿ. ನನ್ನ ಕಿವಿಗೆ ಹಾಕಬೇಡಿ."

ವಿಷಯ ಇಷ್ಟಕ್ಕೇ ನಿಂತಿದ್ದರೆ ಲೋಕಕ್ಕೆ ಹಾನಿ ಇರಲಿಲ್ಲ. ಆದರೆ ಅದೇ ವಾರ ಕಚೇರಿಗೆ ಹೊಸ ಅಧಿಕಾರಿಣಿ ವರ್ಗವಾಗಿ ಬಂದರು. ಕಾರಿನಿಂದ ಇಳಿಯುವಾಗಲೇ ಅವರ ಕೈ ಸೊಂಟದ ಮೇಲಿತ್ತು. ಬೆನ್ನಪ್ಪ ಅದನ್ನು ಕಿಟಕಿಯಿಂದ ಕಂಡ. ತನ್ನ ಕ್ಷೇತ್ರದಲ್ಲಿ ಇನ್ನೊಬ್ಬರು, ಅದೂ ಮೇಲಿನ ದರ್ಜೆಯವರು, ಕಾಲಿಟ್ಟಿದ್ದರು.

ಪರಿಚಯಕ್ಕೆಂದು ಎಲ್ಲರೂ ಸಾಲಾಗಿ ನಿಂತಾಗ ಅವರು ನೊಂದ ದನಿಯಲ್ಲಿ, "ಕೂತು ಮಾತಾಡೋಣ, ನನಗೆ ಬೆನ್ನು ಸರಿಯಿಲ್ಲ" ಎಂದರು. ಸುಮ್ಮನಿದ್ದರೆ ಬೆನ್ನಪ್ಪ ಉಳಿಯುತ್ತಿದ್ದ. ಆದರೆ ಬಲ್ಲವನೆನಿಸಿಕೊಳ್ಳುವ ಚಪಲ ನಾಲಗೆಯ ತುದಿಗೆ ಬಂದು ಕುಳಿತಾಗ ವಿವೇಕ ಹಿಂಬಾಗಿಲಿನಿಂದ ಹೊರಟುಹೋಗುತ್ತದೆ.

"ಮೇಡಂ, ಬರೀ ಎಣ್ಣೆಯಿಂದ ಆಗಲ್ಲ, ಬರೀ ವ್ಯಾಯಾಮದಿಂದಲೂ ಆಗಲ್ಲ. ಎರಡೂ ಕೂಡಬೇಕು" ಎಂದು ಅವನು ಆರಂಭಿಸಿದ. ವೈದ್ಯರ ಮಾತನ್ನು ವೈದ್ಯರ ಗತ್ತಿನಲ್ಲೇ ಒಪ್ಪಿಸಿದ. ಹೊಟ್ಟೆಯ ರಜೆಯನ್ನು ವರ್ಣಿಸಿದ, ಜಿರಳೆಯನ್ನು ಕೊಂಡಾಡಿದ, ಹಲಗೆಯ ಮಹಿಮೆಯನ್ನು ಹಾಡಿದ. ಒಂದು ದಿನವೂ ಕಾಲೆತ್ತದ ಮನುಷ್ಯ ಕಾಲೆತ್ತುವ ಬಗ್ಗೆ ಅಷ್ಟು ನಿರರ್ಗಳವಾಗಿ ಮಾತನಾಡಿದ್ದನ್ನು ಕಂಡು ಜವಾನ ಬಾಯಿ ತೆರೆದು ನಿಂತ.

"ನಿಮಗೆ ಎಷ್ಟು ಗುಣ ಆಯ್ತು?" ಅಧಿಕಾರಿಣಿ ಆಸೆಯಿಂದ ಕೇಳಿದರು.

"ನನಗಾ? ಪೂರ್ತಿ!" ಬೆನ್ನಪ್ಪ ಎದೆ ಉಬ್ಬಿಸಿದ. "ಈಗ ನನಗೆ ಬೆನ್ನು ಇದೆ ಅನ್ನೋದೇ ಗೊತ್ತಾಗಲ್ಲ."

"ಸಂತೋಷ. ಹಾಗಾದ್ರೆ ನಿಮಗೆ ಈ ಕುರ್ಚಿ ಬೇಕಾಗಲ್ಲ" ಎಂದು ಅಧಿಕಾರಿಣಿ ಅವನ ಹಿಂದಿದ್ದ ಚಕ್ರದ ಕುರ್ಚಿಯನ್ನು ತೋರಿಸಿ ಜವಾನನ ಕಡೆ ತಿರುಗಿದರು. "ಇದನ್ನ ನನ್ನ ಕೋಣೆಗೆ ತಳ್ಳಪ್ಪ. ಇವರಿಗೆ ಒಂದು ಸ್ಟೂಲು ಕೊಡು."

ಚಕ್ರಗಳು ಕಿರುಗುಟ್ಟುತ್ತ ಬಾಗಿಲು ದಾಟಿದವು. ಬೆನ್ನಪ್ಪನ ಮುಖ ಇಂಗು ತಿಂದ ಮಂಗನ ಮುಖವಾಯಿತು. ಬೆರಳಚ್ಚುಗಾರ ಕತ್ತನ್ನು ಇನ್ನೂ ಸ್ವಲ್ಪ ವಾಲಿಸಿ, ಮೀಸೆಯ ಮರೆಯಲ್ಲಿ ನಕ್ಕ.

ಸ್ಟೂಲು ಕಬ್ಬಿಣದ್ದು. ಅದಕ್ಕೆ ಒರಗಿಲ್ಲ, ಮೆತ್ತೆಯಿಲ್ಲ, ಚಕ್ರವಿಲ್ಲ, ಕರುಣೆಯೂ ಇಲ್ಲ. ಅದರ ಮೇಲೆ ಕುಳಿತ ಕೆಲವೇ ದಿನಗಳಲ್ಲಿ ಬೆನ್ನಪ್ಪನ ಸಾಸಿವೆಕಾಳು ನಿಜವಾಗಿಯೂ ಕುಂಬಳಕಾಯಿಯಾಯಿತು. ವಿಪರ್ಯಾಸ ನೋಡಿ: ನೋವು ಅಲ್ಪವಾಗಿದ್ದಾಗ ಮನಸಾರೆ ನರಳುವ ಸ್ವಾತಂತ್ರ್ಯವಿತ್ತು, ನೋವು ಅಪಾರವಾದಾಗ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ನರಳಿದರೆ ಹಸಿ ಸುಳ್ಳುಗಾರನಾಗುತ್ತಾನೆ, ನರಳದಿದ್ದರೆ ಸ್ಟೂಲು ಕಾಯಂ ಆಗುತ್ತದೆ. ಕುರ್ಚಿಯೋ ಮಾನವೋ ಎಂಬ ಈ ಇಕ್ಕಟ್ಟಿನಲ್ಲಿ ಅವನು ಎರಡನ್ನೂ ಬಯಸಿದ. ಬಾಯಿಗೆ ಬಂದ "ಅಯ್ಯಯ್ಯೋ"ವನ್ನು ಅರ್ಧದಲ್ಲೇ ತಿರುಗಿಸಿ, "ಅಯ್ಯ... ಆಹಾ, ಎಂಥ ಸುಖ!" ಎಂದು ಮುಗಿಸುವುದನ್ನು ಕಲಿತ.

ಅಷ್ಟರಲ್ಲಿ ಅವನಿಗೆ ಶಿಷ್ಯವರ್ಗವೂ ಹುಟ್ಟಿಕೊಂಡಿತ್ತು. ಕೊಳವೆ ವಿಭಾಗದಿಂದ, ಲೆಕ್ಕ ವಿಭಾಗದಿಂದ ಜನ ಸೊಂಟ ಹಿಡಿದುಕೊಂಡು ಬಂದು ಉಪದೇಶ ಕೇಳುತ್ತಿದ್ದರು. ಬೆನ್ನಪ್ಪ ಎಂಬ ಹೆಸರು ಕರಗಿ ಗುರುಗಳು ಎಂಬ ಹೆಸರು ಅಂಟಿಕೊಂಡಿತು. ಅಧಿಕಾರಿಣಿಯಂತೂ ಅವನು ಹೇಳಿದ ವೈದ್ಯರನ್ನೇ ಹುಡುಕಿಕೊಂಡು ಹೋಗಿದ್ದರು. ವಾರಕ್ಕೊಮ್ಮೆ ಎಣ್ಣೆ, ದಿನಬೆಳಗೂ ಜಿರಳೆ. ಅವರ ಕೈ ಸೊಂಟದಿಂದ ನಿಧಾನವಾಗಿ ಕೆಳಗಿಳಿಯುತ್ತಿತ್ತು.

"ಮೇಡಂ, ಕುರ್ಚಿ ಹೇಗಿದೆ?" ಬೆನ್ನಪ್ಪ ದಿನಾ ಕೇಳುತ್ತಿದ್ದ.

"ಕುರ್ಚಿಗಿಂತ ನಿಮ್ಮ ಜಿರಳೆ ಚೆನ್ನಾಗಿದೆ" ಎಂದು ಅವರು ದಿನಾ ನಗುತ್ತಿದ್ದರು.

ಈ ಕೀರ್ತಿಯನ್ನು ಕಂಡು ಒಬ್ಬನಿಗೆ ಮಾತ್ರ ಅನುಮಾನ. ಗುರುಗಳು ಸ್ಟೂಲಿನಿಂದ ಏಳುವಾಗ ಮೇಜನ್ನು ಹಿಡಿಯುವುದನ್ನೂ, ಬಿದ್ದ ಪೆನ್ನನ್ನು ಕಾಲ್ಬೆರಳಿನಿಂದ ಎತ್ತುವುದನ್ನೂ ಬೆರಳಚ್ಚುಗಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಮನಿಸುತ್ತಿದ್ದ. ಒಂದು ದಿನ ಅವನು ಅಧಿಕಾರಿಣಿಯ ಮುಂದೆ ಭಕ್ತಿಯಿಂದ ಕೈ ಜೋಡಿಸಿದ. "ಮೇಡಂ, ಗುರುಗಳು ಬಾಯಲ್ಲಿ ಹೇಳಿದ್ದೇ ಇಷ್ಟು ಫಲ ಕೊಟ್ಟಿದೆ. ಎಲ್ಲರ ಎದುರಿಗೆ ಒಂದು ಸಲ ಮಾಡಿ ತೋರಿಸಿಬಿಟ್ರೆ ಇಡೀ ಇಲಾಖೆ ಉದ್ಧಾರ ಆಗುತ್ತೆ."

ಶುಕ್ರವಾರ ಮಧ್ಯಾಹ್ನ ಸಭಾಂಗಣದಲ್ಲಿ ಪ್ರಾತ್ಯಕ್ಷಿಕೆ ಎಂದು ತೀರ್ಮಾನವಾಯಿತು. ಬೆನ್ನಪ್ಪ ಮನೆಗೆ ಬಂದು ಹೆಂಡತಿಯ ಮುಂದೆ ಗೋಳಾಡಿದ.

"ಮಾಡಿ ತೋರಿಸಿ. ದಿನಾ ಮನಸ್ಸಲ್ಲಿ ಮಾಡ್ತಿದ್ರಲ್ಲ" ಎಂದಳು ಅವಳು.

"ತಮಾಷೆ ಮಾಡಬೇಡ ಮಾರಾಯ್ತಿ. ಬಗ್ಗಿದ್ರೆ ಏಳೋಕಾಗಲ್ಲ."

"ಹಾಗಾದ್ರೆ ನಿಜ ಹೇಳಿಬಿಡಿ. ಅದಕ್ಕೆ ಬಗ್ಗಬೇಕಾಗಿಲ್ಲ."

ಇಷ್ಟು ಸರಳವಾದ ದಾರಿಯನ್ನು ವಿದ್ಯಾವಂತರು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಬೆನ್ನಪ್ಪ ಅದಕ್ಕಿಂತ ಘನವಾದ ಉಪಾಯವೊಂದನ್ನು ಹೂಡಿದ.

ಶುಕ್ರವಾರ ಸಭಾಂಗಣ ಕಿಕ್ಕಿರಿದಿತ್ತು. ನೆಲವನ್ನು ಜವಾನ ಕನ್ನಡಿಯಂತೆ ಒರೆಸಿಟ್ಟಿದ್ದ. ಮುಂದೆ ಉದ್ದನೆಯ ಮೇಜು, ಅದರ ಪಕ್ಕದಲ್ಲಿ ಆ ಕುರ್ಚಿ, ಕುರ್ಚಿಯಲ್ಲಿ ಅಧಿಕಾರಿಣಿ. ಬೆನ್ನಪ್ಪ ಗಂಟಲು ಸರಿಪಡಿಸಿಕೊಂಡ.

"ಬಂಧುಗಳೇ, ನಿಮಗೆ ತೋರಿಸೋಕೆ ನನ್ನ ಮೈಯೆಲ್ಲ ತುಡೀತಾ ಇದೆ. ಆದರೆ ಶಾಸ್ತ್ರ ಅಂತ ಒಂದಿದೆ. ಎಣ್ಣೆ ಇಲ್ಲದೆ ಈ ವ್ಯಾಯಾಮ ಮಾಡಕೂಡದು. ಬೆಚ್ಚನೆ ಎಣ್ಣೆ ಇಲ್ಲಿ ಎಲ್ಲಿ ಸಿಗಬೇಕು? ಆದ್ದರಿಂದ ದುಃಖದಿಂದ..."

"ಸಿಕ್ತು ಗುರುಗಳೇ!" ಬೆರಳಚ್ಚುಗಾರ ಮೇಜಿನ ಕೆಳಗಿನಿಂದ ಒಂದು ಬಾಟಲಿ ಎತ್ತಿದ. "ನೀವು ಎಣ್ಣೆ ಕೇಳೇ ಕೇಳ್ತೀರ ಅಂತ ನಿಮ್ಮ ವೈದ್ಯರ ಹತ್ರಾನೇ ತಂದೆ. ಚಹಾದ ಒಲೆ ಮೇಲೆ ಬೆಚ್ಚಗೆ ಮಾಡಿಸಿದೀನಿ. ಅಂಗಿ ಎತ್ತಿ."

ಎಣ್ಣೆ ಮೈಯಲ್ಲಿ ವ್ಯಾಯಾಮ ಬೇಡವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಅದು ಬೆನ್ನಪ್ಪನಿಗೆ ಈಗ ನೆನಪಾಯಿತು. ಆದರೆ ತಾನೇ ಒಂದು ನಿಮಿಷದ ಹಿಂದೆ ರಚಿಸಿದ ಶಾಸ್ತ್ರವನ್ನು ತಾನೇ ಖಂಡಿಸುವುದು ಹೇಗೆ? ವೈದ್ಯರಿಂದ ಅದೇ ಎಚ್ಚರಿಕೆ ಕೇಳಿದ್ದ ಅಧಿಕಾರಿಣಿಯೂ, ಗುರುಗಳ ಶಾಸ್ತ್ರ ಅದಕ್ಕಿಂತ ಮೇಲಿನದಿರಬೇಕೆಂದು ತಲೆದೂಗಿದರು. ಬೆರಳಚ್ಚುಗಾರ ಅವನ ಬೆನ್ನಿಗೆ, ಸೊಂಟಕ್ಕೆ, ಮುಂಗೈಗಳಿಗೆ ಧಾರಾಳವಾಗಿ ಎಣ್ಣೆ ಬಳಿದ. ಹತ್ತಿರವಿದ್ದ ನೆಲಕ್ಕೂ ಸ್ವಲ್ಪ ಪಾಲು ಕೊಟ್ಟ.

"ಮೊದಲು ಹಲಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಬೆನ್ನಪ್ಪ ಮೆಲ್ಲಗೆ ಮಂಡಿಯೂರಿದ. ಮುಂಗೈ ಊರಿದ. ಕಣ್ಣು ಮುಚ್ಚಿ ಕಾಲು ಚಾಚಿದ. ಕ್ಷಣಕಾಲ ಅವನು ನಿಜಕ್ಕೂ ಹಲಗೆಯಂತೆ ಕಂಡ. ಮರುಕ್ಷಣವೇ ಆ ಹಲಗೆ ಹೊರಟಿತು. ಮುಂಗೈಗಳು ಜಾರಿದವು, ಹೊಟ್ಟೆ ನೆಲಕ್ಕೆ ತಾಗಿತು, ಎಣ್ಣೆ ಬಿದ್ದ ನುಣುಪು ನೆಲದ ಮೇಲೆ ಬೆನ್ನಪ್ಪ ದಡದಿಂದ ನೂಕಿದ ದೋಣಿಯಂತೆ ಸಾಗಿ ನೇರ ಕುರ್ಚಿಗೆ ಡಿಕ್ಕಿ ಹೊಡೆದ. ಚಕ್ರದ ಕುರ್ಚಿ ಅಧಿಕಾರಿಣಿಯನ್ನು ಹೊತ್ತುಕೊಂಡು ಗಂಭೀರವಾಗಿ ಎದುರು ಗೋಡೆಯವರೆಗೂ ಪ್ರಯಾಣ ಮಾಡಿತು. ಇತ್ತ ಬೆನ್ನಪ್ಪ ಏಳಲು ಹೋಗಿ ಮಗ್ಗುಲಾದ, ಮತ್ತೆ ಜಾರಿ ಅಂಗಾತ ಬಿದ್ದ, ಸೊಂಟ ಹಿಡಿದುಕೊಂಡಿತು. ಕೈಕಾಲುಗಳು ಮೇಲೆ ಎದ್ದವು, ಹಾಗೆಯೇ ನಿಂತವು.

ಸಭೆ ಕತ್ತು ಉದ್ದ ಮಾಡಿ ಇಣುಕಿತು.

"ಜಿರಳೆ!" ಗೋಡೆಯ ಬಳಿಯಿಂದ ಅಧಿಕಾರಿಣಿ ಚಪ್ಪಾಳೆ ತಟ್ಟಿದರು. "ಹಲಗೆಯಿಂದ ನೇರವಾಗಿ ಜಿರಳೆಗೆ! ನಡುವೆ ಎಲ್ಲೂ ತಡೆಯೇ ಇಲ್ಲ! ಎಲ್ಲರೂ ಮಾಡಿ!"

ದೂರು ವಿಭಾಗ, ಕೊಳವೆ ವಿಭಾಗ, ಲೆಕ್ಕ ವಿಭಾಗಗಳು ಏಕಕಾಲದಲ್ಲಿ ಅಂಗಾತವಾದವು. ಆ ಹೊತ್ತಿಗೆ ಬಾಗಿಲಲ್ಲಿ ಖಾಲಿ ಬಿಂದಿಗೆ ಹಿಡಿದ ಮುದುಕಿಯೊಬ್ಬಳು ಇಣುಕಿದಳು. ಅವಳ ಬೀದಿಗೆ ವಾರದಿಂದ ನೀರು ಬಂದಿರಲಿಲ್ಲ.

"ಅಯ್ಯೋ ಶಿವನೇ!" ಅವಳು ಬಾಯಿಯ ಮೇಲೆ ಕೈಯಿಟ್ಟಳು. "ನೀರಿಲ್ಲದೆ ಇವರೇ ಮೊದಲು ಸತ್ತಿದ್ದಾರಲ್ಲ!"

ಅವಳನ್ನು ಹೊರಗೆ ಕೂರಿಸಲಾಯಿತು. ಬೆನ್ನಪ್ಪನನ್ನು ಶಿಷ್ಯರು ಎತ್ತಿ ಗೋಡೆಗೆ ಒರಗಿಸಿದರು. ಅಧಿಕಾರಿಣಿ ಎದ್ದು ನಿಂತು, ಯಾವ ಆಧಾರವೂ ಇಲ್ಲದೆ ಬಗ್ಗಿ ನೆಲ ಮುಟ್ಟಿ, ಮತ್ತೆ ನೆಟ್ಟಗಾದರು.

"ನೋಡಿದ್ರಲ್ಲ? ಗುರುಗಳು ಹೇಳಿದ್ದನ್ನ ಒಂದೂ ಬಿಡದೆ ಮಾಡಿದೆ. ನನಗೆ ಇನ್ನು ಈ ಕುರ್ಚಿ ಬೇಡ. ನಿಜವಾಗ್ಲೂ ಯಾರಿಗೆ ನೋವಿದೆಯೋ ಅವರಿಗೆ ಕೊಟ್ಟುಬಿಡ್ತೀನಿ. ನೋವಿರೋರು ಕೈ ಎತ್ತಿ."

ಕುರ್ಚಿ ಗೋಡೆಯ ಪಕ್ಕದಲ್ಲಿ ಹೊಳೆಯುತ್ತ ನಿಂತಿತ್ತು. ಬೆನ್ನಪ್ಪನ ಸೊಂಟದಲ್ಲಿ ಕತ್ತಿ ಆಡುತ್ತಿತ್ತು. ಮಾನ ಹೋದರೆ ಹೋಗಲಿ ಎಂದು ಅವನು ಜೀವನದಲ್ಲಿ ಮೊದಲ ಬಾರಿಗೆ ನಿಶ್ಚಯಿಸಿದ. ಹಲ್ಲು ಕಚ್ಚಿ ಬಲಗೈಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ, ಎಲ್ಲರಿಗೂ ಕಾಣುವಷ್ಟು ಎತ್ತರಕ್ಕೆ ಎತ್ತಿದ.

"ಆಹಾ! ಗುರುಗಳ ಕೈ ಎಷ್ಟು ಮೇಲೆ ಹೋಗುತ್ತೆ ನೋಡಿ!" ಎಂದರು ಅಧಿಕಾರಿಣಿ. "ಇದಪ್ಪ ಗುಣ ಆಗೋದು ಅಂದ್ರೆ!"

ಚಪ್ಪಾಳೆ ಮೊಳಗಿತು.

"ಅಲ್ಲ ಮೇಡಂ! ನನಗೆ ನೋವಿದೆ! ನಾನು ಒಂದು ದಿನವೂ ವ್ಯಾಯಾಮ ಮಾಡಿಲ್ಲ! ಎಲ್ಲ ಸುಳ್ಳು!"

ಸಭೆ ಗೊಳ್ಳೆಂದು ನಕ್ಕಿತು. "ಎಷ್ಟು ವಿನಯ ನೋಡಿ!" ಎಂದರು ಲೆಕ್ಕ ವಿಭಾಗದವರು. "ಎಷ್ಟು ಹಾಸ್ಯಪ್ರಜ್ಞೆ!" ಎಂದರು ಕೊಳವೆ ವಿಭಾಗದವರು. ಹೇಳಿದ ಸುಳ್ಳನ್ನೆಲ್ಲ ಕಣ್ಣು ಮುಚ್ಚಿ ನಂಬಿದ ಜನ, ಹೇಳಿದ ಒಂದೇ ಒಂದು ನಿಜವನ್ನು ನಂಬಲಿಲ್ಲ. ಇದರಲ್ಲಿ ಜನರ ತಪ್ಪಿದೆಯೆಂದು ಹೇಳಲು ಬೆನ್ನಪ್ಪನಿಗೆ ಯಾವ ಅಧಿಕಾರವೂ ಇರಲಿಲ್ಲ.

ಅಷ್ಟರಲ್ಲಿ ಹಿಂದಿನ ಸಾಲಿಗೆ ಸರಿದಿದ್ದ ಬೆರಳಚ್ಚುಗಾರ ಕೈಯನ್ನು ಭುಜದವರೆಗೆ ಎತ್ತಿ, ಅಲ್ಲಿಗೇ ನಿಲ್ಲಿಸಿ, "ಅಮ್ಮಾ..." ಎಂದು ಕಣ್ಣೀರು ತಂದುಕೊಂಡ. ಕುರ್ಚಿ ಕಿರುಗುಟ್ಟುತ್ತ ಅವನ ಮೇಜಿಗೆ ಹೋಯಿತು.

ಸಂಜೆ ಮನೆಯಲ್ಲಿ ಹೆಂಡತಿ ಎಣ್ಣೆ ಬೆಚ್ಚಗೆ ಮಾಡಿ ತಂದಳು.

"ಕುರ್ಚಿ ಹೋಯ್ತು ಕಣೇ."

"ಬೆನ್ನು ಇದೆಯಲ್ಲ. ತಿರುಗಿ ಮಲಗಿ. ನೋವು ಇಳಿಯೋವರೆಗೂ ಬರೀ ಎಣ್ಣೆ. ಆಮೇಲೆ ಬೆಳಿಗ್ಗೆ ನಾನೇ ಎದುರಿಗೆ ಕೂತ್ಕೋತೀನಿ. ಮನಸ್ಸಲ್ಲಿ ಎತ್ತಿದ ಕಾಲು ಲೆಕ್ಕಕ್ಕಿಲ್ಲ."

ಅವಳು ಹೇಳಿದಂತೆಯೇ ಕುಳಿತಳು. ಬೆನ್ನಪ್ಪ ನಡುಗುತ್ತ, ಬೆವರುತ್ತ, ಜಿರಳೆ ಸಂಕುಲವನ್ನೇ ಶಪಿಸುತ್ತ ಕೈಕಾಲೆತ್ತಿದ. ಕಚೇರಿಯ ಸ್ಟೂಲಿಗೆ ಒರಗಿಲ್ಲದ ಕಾರಣ ಅಲ್ಲಿಯೂ ಹೊಟ್ಟೆ ಬಿಗಿಹಿಡಿದೇ ಕೂರಬೇಕಾಯಿತು. ಹೀಗೆ ಮನೆಯಲ್ಲಿ ಹೆಂಡತಿ, ಕಚೇರಿಯಲ್ಲಿ ಸ್ಟೂಲು ಪಾಳಿಯ ಮೇಲೆ ಅವನನ್ನು ಕಾದರು.

ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಬಿಂದಿಗೆಯ ಆ ಮುದುಕಿ ಮತ್ತೆ ಕಿಟಕಿಗೆ ಬಂದಳು. ಅವಳ ದೂರಿನ ಕಾಗದ ಕೈ ಜಾರಿ ಒಳಗೆ ನೆಲಕ್ಕೆ ಬಿತ್ತು. ಬೆನ್ನಪ್ಪ ಬಗ್ಗಿ ಅದನ್ನು ಎತ್ತಿಕೊಂಡ. ನೆಟ್ಟಗಾಗಿ, ರೂಢಿಯಂತೆ "ಅಯ್ಯಯ್ಯೋ" ಎನ್ನಲು ಬಾಯಿ ತೆರೆದ. ಅನ್ನುವುದಕ್ಕೆ ಏನೂ ಇರಲಿಲ್ಲ. ಸೊಂಟದ ಎಡಭಾಗವನ್ನು ಮುಟ್ಟಿ ನೋಡಿಕೊಂಡ, ಬಲಭಾಗವನ್ನೂ ಮುಟ್ಟಿ ನೋಡಿಕೊಂಡ. ನೋವು ಹೇಳದೆ ಕೇಳದೆ ಹೊರಟುಹೋಗಿತ್ತು. ಇನ್ನು ಪ್ರಾಮಾಣಿಕವಾಗಿ ಕೂಡ ಆ ಕುರ್ಚಿಯನ್ನು ಕೇಳುವಂತಿಲ್ಲವೆಂದು ಹೊಳೆದಾಗ ಅವನ ಕಣ್ಣಲ್ಲಿ ನೀರಾಡಿತು.

ಕುರ್ಚಿಯಲ್ಲಿದ್ದ ಬೆರಳಚ್ಚುಗಾರನ ಕಡೆ ಅವನು ನೋಡಿದ. ಅವನಾಗಲೇ ಕತ್ತು ಹಿಡಿದುಕೊಂಡು ಅರ್ಧ ಸುತ್ತು ತಿರುಗಿಬಿಟ್ಟಿದ್ದ. ಅವನಿಗೆ ಮುದುಕಿ ಕಾಣುತ್ತಿರಲಿಲ್ಲ.

"ಏನಪ್ಪಾ, ನೀನಾದ್ರೂ ನೋಡ್ತೀಯಾ?" ಅವಳು ಕಿಟಕಿಯ ಸರಳು ತಟ್ಟಿದಳು.

ಬೆನ್ನಪ್ಪ ಅಭ್ಯಾಸಬಲದಿಂದ ತಾನೂ ತಿರುಗಲು ಯತ್ನಿಸಿದ. ಸ್ಟೂಲು ತಿರುಗಲಿಲ್ಲ. ಅವನು ನಿಟ್ಟುಸಿರು ಬಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಕಾಗದ ಬಿಡಿಸಿದ.

"ಹೇಳಮ್ಮ. ಯಾವ ಬೀದಿ?"